ಸುಳ್ಳುಗಾರ ಚಂದ್ರ

ಸೆರ್ರಪಿಯಾನಾ
೧೪ ಅಕ್ಟೋಬರ್ ೧೯೫೪

ಶ್ರೀ ಎಜಿದಿಯೊ ಲೊವಾಲ್ಲೊ ಅವರಿಗೆ,

ನೀವು ನನ್ನನ್ನು ಕಂಡವರಲ್ಲ. ನಿಮ್ಮ ಮಗಳು ನುನ್ಸಿಯಾ ಓದುವ ಶಾಲೆಗೆ ಈ ತಿಂಗಳು ಹೊಸ ಟೀಚರಾಗಿ ಬಂದಿದ್ದೇನೆ. ಹಿಂದಿನ ಮೇಷ್ಟ್ರು ವರ್ಗವಾಗಿ ಹೋಗುವಾಗ ಹಾಜರಿ ಪುಸ್ತಕ, ಸೌದೆ ಕೋಣೆಯ ಬೀಗದ ಕೈ ಎಲ್ಲ ಒಪ್ಪಿಸಿದರು. ಆಮೇಲೆ ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡರು.

"ಇನ್ನೊಂದು ಸಣ್ಣ ಕೆಲ್ಸ ಇದೆ ಟೀಚರ್, ಸರ್ಕಾರದ್ದಲ್ಲ. ಆ ನುನ್ಸಿಯಾ ಇದಾಳಲ್ಲ, ಅವಳಪ್ಪ ಅರ್ಜೆಂಟೀನಾದಲ್ಲಿದಾನೆ ಅಂತ ಊರೆಲ್ಲ ತಿಳ್ಕೊಂಡಿದೆ. ಇಲ್ಲ. ಸುರಂಗ ಕೊರೆಯೋ ಕೆಲ್ಸದಲ್ಲಿ ಎದೆ ಹಾಳು ಮಾಡ್ಕೊಂಡು ಉತ್ತರದ ಬೆಟ್ಟದಲ್ಲಿ ಕ್ಷಯದ ಆಸ್ಪತ್ರೇಲಿದಾನೆ. ಮಗೂಗೂ ಗೊತ್ತಿಲ್ಲ. ಅವನ ಕಾಗದ ನಿಮ್ಮ ಹೆಸರಿಗೆ ಬರುತ್ತೆ. ಲಕೋಟೆ ಒಲೆಗೆ ಹಾಕಿ, ಒಳಗಿಂದು ಅಜ್ಜಿ ಕೈಗೆ ಕೊಟ್ಬಿಡಿ. ಅಷ್ಟೆ."

ಅಷ್ಟೇ ಅಂತೆ! ಸುಳ್ಳು ಹೇಳಿದ ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸಿ ಅನ್ನ ತಿನ್ನುವವಳು ನಾನು. ನೇರ ನಿಮ್ಮ ತಾಯಿಯ ಮನೆಗೆ ಹೋಗಿ ಹಾಗೆಂದೇ ಹೇಳಿದೆ. ಆಕೆ ಕೂರಿಸಿ ಒಂದು ತುಂಡು ಚೀಸ್ ಕೊಟ್ಟು, ನಾನು ತಿಂದು ಮುಗಿಸುವವರೆಗೂ ಕಾದರು.

"ನಮ್ಮೂರಲ್ಲಿ ಒಲೆ ಒಂದೇ ಕಣಮ್ಮ, ನೋಡಿದೀಯಲ್ಲ. ಅವರವರ ಮನೆ ಗುರುತಿನ ಅಚ್ಚು ಒತ್ತಿ ಎಲ್ರೂ ರೊಟ್ಟಿ ಒಟ್ಟಿಗೇ ಬೇಯಿಸ್ತೀವಿ. ಕ್ಷಯ ಅನ್ನೋ ಮಾತು ಕಿವಿಗೆ ಬಿದ್ದ ದಿನ ನಮ್ಮ ರೊಟ್ಟಿ ಪಕ್ಕ ಯಾರೂ ತಮ್ಮ ರೊಟ್ಟಿ ಇಡಲ್ಲ. ಈಗ ನೀನು ತಿಂದ್ಯಲ್ಲ ಚೀಸು, ಅದನ್ನೂ ಯಾರೂ ಕೊಳ್ಳಲ್ಲ. ತಾಯಿ ಇಲ್ಲದ ಮಗು, ಇವಳ ಬೆಂಚಲ್ಲಿ ಯಾರು ಕೂರ್ತಾರೆ? ನೀನೇ ಹೇಳು."

ಚೀಸ್ ತಿಂದ ಬೆರಳುಗಳನ್ನು ಕರವಸ್ತ್ರಕ್ಕೆ ಒರೆಸಿಕೊಂಡೆ, ಅದಕ್ಕೆ ನನಗೇ ನಾಚಿಕೆಯಾಯಿತು. ಮಗುವಿನ ಎದೆ ಚೊಕ್ಕವಾಗಿದೆ ಎಂಬ ಡಾಕ್ಟರ ಚೀಟಿಯನ್ನು ನೋಡಿದ ಮೇಲೆ ಒಪ್ಪಿಕೊಂಡೆ. ಆದರೆ ಮನಸ್ಸಿಟ್ಟು ಒಪ್ಪಿದ್ದೇನೆ ಎಂದು ತಿಳಿಯಬೇಡಿ. ಅವಳಿಗೆ ಹತ್ತು ವರ್ಷ, ಪೆದ್ದಿಯಲ್ಲ. ಇದು ಎಷ್ಟು ದಿನ ನಡೆದೀತು?

ಎರ್ಸಿಲಿಯಾ ಕೊಲಾಂಜೆಲೊ


ಆಸ್ಪತ್ರೆ, ಮೂರನೆಯ ಮಹಡಿ
೨೪ ಅಕ್ಟೋಬರ್

ಮೇಷ್ಟ್ರಮ್ಮನವರಿಗೆ ನಮಸ್ಕಾರ.

ಎಷ್ಟು ದಿನ ಎಂದು ಕೇಳಿದಿರಿ. ನನ್ನನ್ನು ಕೇಳಿದರೆ ಹೆಚ್ಚು ದಿನ ಇಲ್ಲ. ನೀವು ಬೇಸರ ಮಾಡಿಕೊಳ್ಳಬೇಡಿ, ಇದು ಇಲ್ಲಿ ದಿನಾ ಆಡುವ ಮಾತು. ಪಕ್ಕದ ಹಾಸಿಗೆಯವನು ಬೆಳಿಗ್ಗೆ ಎದ್ದರೆ "ಏನೋ, ಇನ್ನೂ ಇದೀಯಾ?" ಅಂತಾನೆ. ನಾನು "ನಿನ್ನ ಸೂಪು ಕುಡಿಯೋಣ ಅಂತ ಕಾಯ್ತಿದೀನಿ" ಅಂತೀನಿ.

ಹಿಂದಿನ ಮೇಷ್ಟ್ರು ಒಳ್ಳೆಯವರು, ಆದರೆ ಒಂದು ಪ್ರಶ್ನೆಯನ್ನೂ ಕೇಳಿದವರಲ್ಲ. ನೀವು ಬೈದು ಬರೆದದ್ದು ಓದಿ ನಮ್ಮೂರಿನ ಬೀದಿಯಲ್ಲಿ ನಿಂತ ಹಾಗಾಯಿತು.

ನುನ್ಸಿಯಾಳನ್ನು ಬಿಟ್ಟು ಬಂದಾಗ ಅವಳಿಗೆ ಆರು ವರ್ಷ. ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಅದಕ್ಕೆ ಕಾಗದದ ಕೊನೆಗೆ ಆ ದಿನದ ಚಂದ್ರನನ್ನು ಬರೆಯುತ್ತಿದ್ದೆ. 'ನಾನು ನೋಡಿದ್ದು ಇದೇ, ನೀನೂ ಹೊರಗೆ ಹೋಗಿ ನೋಡು' ಅಂತ. ಈಗ ಅಕ್ಷರ ಬಂದರೂ ಆ ಅಭ್ಯಾಸ ಬಿಟ್ಟಿಲ್ಲ. ಇಬ್ಬರೂ ಒಂದೇ ಕಿಟಕಿಯಲ್ಲಿ ನಿಂತ ಹಾಗೆ. ಅರ್ಜೆಂಟೀನಾ ಸುಳ್ಳಾದರೂ ಚಂದ್ರ ನಿಜ, ಅಷ್ಟಾದರೂ ಅವಳಿಗೆ ನಿಜ ಕೊಟ್ಟಿದ್ದೇನೆ.

ಅವಳು ಲೆಕ್ಕದಲ್ಲಿ ಹೇಗಿದ್ದಾಳೆ? ಅಜ್ಜಿ 'ಜಾಣೆ' ಎಂದು ಬರೆಸುತ್ತಾಳೆ, ಆದರೆ ಅಜ್ಜಿಗೆ ಕತ್ತೆಯೂ ಜಾಣನೇ.

ಎಜಿದಿಯೊ


ಸೆರ್ರಪಿಯಾನಾ
೧೨ ನವೆಂಬರ್

ಎಜಿದಿಯೊ ಅವರೇ,

ಲೆಕ್ಕದಲ್ಲಿ ಸಾಧಾರಣ. ಪ್ರಶ್ನೆ ಕೇಳುವುದರಲ್ಲಿ ಜಿಲ್ಲೆಗೇ ಮೊದಲು. ನೀವು ಚಂದ್ರನ ವಿಷಯ ಬರೆದ ಮೇಲೆ ನನಗೂ ಒಂದು ಹುಚ್ಚು ಹತ್ತಿತು. ನಾಲ್ಕು ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಚಂದ್ರ ಯಾಕೆ ಆಕಾರ ಬದಲಿಸುತ್ತಾನೆ ಎಂದು ಕೇಳಿದೆ. ಒಬ್ಬಳು ಮೋಡ ಮುಚ್ಚುತ್ತದೆ ಎಂದಳು. ಕಮ್ಮಾರನ ಮಗ ತೋಳ ತಿನ್ನುತ್ತದೆ ಎಂದ. ಮತ್ತೆ ಬೆಳೆಯುವುದು ಹೇಗೆ ಎಂದರೆ, "ತೋಳ ವಾಂತಿ ಮಾಡ್ಕೊಳುತ್ತೆ" ಎಂದು ಹೇಳಿ ಎಲ್ಲರನ್ನೂ ನಗಿಸಿದ. ನುನ್ಸಿಯಾ ಎದ್ದು ನಿಂತು ಅಜ್ಜಿಯ ಮಾತು ಒಪ್ಪಿಸಿದಳು. "ಚಂದ್ರ ಸುಳ್ಳುಗಾರ, ಟೀಚರ್. ದಪ್ಪ ಆಗುವಾಗ 'ಸಣ್ಣ ಆಗ್ತಿದೀನಿ' ಅಂತಾನೆ. ಸಣ್ಣ ಆಗುವಾಗ 'ದಪ್ಪ ಆಗ್ತಿದೀನಿ' ಅಂತಾನೆ."

ಅದು ಸರಿಯೇ. ನಮ್ಮ ಮಾತಿನಲ್ಲಿ ಬೆಳೆಯುವುದಕ್ಕೆ ಮೊದಲ ಅಕ್ಷರ C, ಕರಗುವುದಕ್ಕೆ D. ಅವನೋ ಬೆಳೆಯುವಾಗ ಆಕಾಶದಲ್ಲಿ D ಬರೆಯುತ್ತಾನೆ, ಕರಗುವಾಗ C. ನಮ್ಮ ದೇಶದಲ್ಲಿ ಅಕ್ಷರ ಬಾರದ ಮುದುಕಿಯರಿಗೂ ಈ ಎರಡು ಅಕ್ಷರ ಗೊತ್ತು.

ಕಿಟಕಿ ಮುಚ್ಚಿಸಿ, ದೀಪ ಹಚ್ಚಿ, ಒಂದು ಕಿತ್ತಳೆಯನ್ನು ಫೋರ್ಕಿಗೆ ಚುಚ್ಚಿ ನುನ್ಸಿಯಾಳ ಕೈಗೆ ಕೊಟ್ಟೆ. "ನಿನ್ನ ತಲೆ ಭೂಮಿ, ದೀಪ ಸೂರ್ಯ. ಕೈ ಚಾಚಿಕೊಂಡು ನಿಧಾನಕ್ಕೆ ಸುತ್ತು" ಎಂದೆ. ದೀಪದ ಕಡೆ ಹಿಡಿದಾಗ ಕಿತ್ತಳೆ ಕಪ್ಪು. ಪಕ್ಕಕ್ಕೆ ಬಂದಾಗ ಅರ್ಧ. ದೀಪಕ್ಕೆ ಬೆನ್ನು ಹಾಕಿ ತಲೆಗಿಂತ ಎತ್ತರಕ್ಕೆ ಹಿಡಿದಾಗ ಪೂರ್ತಿ. ಒಬ್ಬೊಬ್ಬರಾಗಿ ಎಲ್ಲರೂ ಸುತ್ತಿದರು. ಕಿತ್ತಳೆಯ ಅರ್ಧ ಭಾಗ ಯಾವಾಗಲೂ ಬೆಳಗುತ್ತಲೇ ಇರುತ್ತದೆ, ಅದರಲ್ಲಿ ನಮ್ಮ ಕಡೆ ತಿರುಗಿದ್ದು ಎಷ್ಟು ಎನ್ನುವುದಷ್ಟೇ ಬದಲಾಗುತ್ತದೆ, ಯಾರೂ ಅವನನ್ನು ತಿನ್ನುವುದಿಲ್ಲ, ಅವನು ಸದಾ ಪೂರ್ತಿ ಇರುತ್ತಾನೆ ಎಂದು ಹೇಳಿದೆ.

ಆಗ ನಿಮ್ಮ ಮಗಳು, "ಕಾಣ್ಸದೇ ಇದ್ಮೇಲೆ ಪೂರ್ತಿ ಇದ್ದು ಏನ್ ಬಂತು, ಟೀಚರ್?" ಎಂದಳು.

ಕಿತ್ತಳೆ ಸುಲಿದು ಎಲ್ಲರಿಗೂ ಒಂದೊಂದು ತೊಳೆ ಹಂಚಿದೆ.

ಅದಕ್ಕೇ ಒಂದು ಯೋಚನೆ ಮಾಡಿದ್ದೇನೆ. ಇಲ್ಲಿಯ ಅರ್ಧಕ್ಕರ್ಧ ಮಕ್ಕಳ ಅಪ್ಪಂದಿರು ಅರ್ಜೆಂಟೀನಾದಲ್ಲಿದ್ದಾರೆ, ನಿಜವಾಗಿ. ಡಿಸೆಂಬರ್ ನಾಲ್ಕು, ಸಾಂತಾ ಬಾರ್ಬರಾಳ ಹಬ್ಬದ ಸಂಜೆ ಚಂದ್ರ ಅರ್ಧಕ್ಕಿಂತ ಒಂದು ಚೂರು ಹೆಚ್ಚಿರುತ್ತಾನೆ. ಅಂದು ಅಪ್ಪಂದಿರೆಲ್ಲ ತಾವು ಕಂಡ ಚಂದ್ರನನ್ನು ಬರೆದು ಕಳಿಸಬೇಕು, ಮಕ್ಕಳು ಇಲ್ಲಿ ತಾವು ಕಂಡದ್ದನ್ನು ಬರೆಯಬೇಕು ಎಂದು ಎಲ್ಲರಿಗೂ ಕಾಗದ ಹಾಕಿಸಿದ್ದೇನೆ. ಎಲ್ಲ ಚಿತ್ರಗಳೂ ಒಂದೇ ಥರ ಬಂದಾಗ ಗೋಡೆಗೆ ಅಂಟಿಸುತ್ತೇನೆ. ನಿಮ್ಮದೂ ಅವುಗಳ ಜೊತೆ ಇರಲಿ. ನುನ್ಸಿಯಾಳ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇದೊಂದೇ.

ಅಂದ ಹಾಗೆ, ನಿಮ್ಮ ಲಕೋಟೆಗಳನ್ನು ನೋಡಿ ನನಗೆ ಉತ್ತರದಲ್ಲಿ ಯಾರೋ ವರ ಗೊತ್ತಾಗಿದ್ದಾನೆ ಎಂದು ಅಂಚೆಯವನು ಊರಲ್ಲಿ ಸಾರಿದ್ದಾನೆ. ನಲವತ್ತಾರರ ಮದುಮಗಳು! ನಾನೂ ಅಲ್ಲಗಳೆದಿಲ್ಲ.

ಎರ್ಸಿಲಿಯಾ


ಆಸ್ಪತ್ರೆ
೫ ಡಿಸೆಂಬರ್

ಮೇಷ್ಟ್ರಮ್ಮಾ,

ಚಂದ್ರ ಇದರೊಳಗಿದ್ದಾನೆ. ಉಬ್ಬು ಬಲಗಡೆ, ಪಕ್ಕದಲ್ಲಿ ಪೈನ್ ಮರದ ತುದಿ. ಸಾಂತಾ ಬಾರ್ಬರಾ ನಮ್ಮ ಸುರಂಗದವರ ದೇವತೆ. ಆ ದಿನ ನಾವು ಯಾರೂ ಕೆಲಸ ಮಾಡುತ್ತಿರಲಿಲ್ಲ, ಸಿಡಿಮದ್ದಿನ ಪೆಟ್ಟಿಗೆಯ ಮೇಲೆ ಅವಳ ಪಟ ಇಟ್ಟು ಕುಡಿಯುತ್ತಿದ್ದೆವು. ನಿನ್ನೆ ಇಲ್ಲಿ ನಾವು ಹಳೆಯ ಸುರಂಗದವರು ನಾಲ್ಕು ಜನ ಸಿಸ್ಟರಿಗೆ ಕಾಣದಂತೆ ಒಂದೊಂದು ಗುಟುಕು ವೈನ್ ಕುಡಿದೆವು. ಕಲ್ಲಿನ ಧೂಳು ಎದೆಯಲ್ಲಿ ಕೂತವರಿಗೆ ದೇವತೆ ಏನೂ ಮಾಡುವುದಿಲ್ಲ, ಅವಳ ಇಲಾಖೆ ಸಿಡಿಮದ್ದು ಮಾತ್ರ.

ಎದೆಯ ಶಸ್ತ್ರಕ್ರಿಯೆ ಮಾಡುತ್ತೇವೆ ಎಂದು ಇಲ್ಲಿ ಮೊದಲು ಹೇಳಿದ್ದರು, ಈಗ ಬೇಡವಂತೆ. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ನಿಮ್ಮ ಕಿತ್ತಳೆಯ ಕಪ್ಪು ಬದಿ ನೆನಪಾಯಿತು. ಯಾವ ಕಡೆ ಕೊಯ್ಯಬೇಕು ಅಂತಲೇ ಇಲ್ಲವಂತೆ, ಎರಡೂ ಕಡೆ ಅದೇ.

ನನ್ನ ಚಿತ್ರ ಗೋಡೆಯ ಮೇಲೆ ಎಲ್ಲರ ಜೊತೆ ಇರುತ್ತದೆ ಎಂದಿರಲ್ಲ, ಅದು ಓದಿ ತುಂಬ ಸಂತೋಷವಾಯಿತು.

ಎಜಿದಿಯೊ


ಸೆರ್ರಪಿಯಾನಾ
೧೦ ಜನವರಿ ೧೯೫೫

ಎಜಿದಿಯೊ ಅವರೇ,

ನಾನು ಕೆಲಸ ಕೆಡಿಸಿದ್ದೇನೆ. ಇಷ್ಟು ವರ್ಷ ಪಾಠ ಹೇಳಿದ ಗರ್ವಕ್ಕೆ ತಕ್ಕ ಶಾಸ್ತಿಯಾಯಿತು, ಆದರೆ ಅದನ್ನು ಅನುಭವಿಸುವವರು ನೀವು.

ಹಬ್ಬದ ರಜೆ ಮುಗಿಯುವಷ್ಟರಲ್ಲಿ ಅರ್ಜೆಂಟೀನಾದ ಕಾಗದಗಳು ಬಂದವು. ಮಕ್ಕಳು ಕುಣಿಯುತ್ತ ತಂದು ಮೇಜಿನ ಮೇಲೆ ಹರಡಿದರು. ಎಲ್ಲ ಚಂದ್ರರ ಉಬ್ಬೂ ಎಡಗಡೆ! ನಾವು ಇಲ್ಲಿ ಕಂಡದ್ದು ಬಲಗಡೆ. ನಿಮ್ಮದೂ ಬಲಗಡೆ.

ಸವೆರಿಯೊ ಅಂತ ಒಬ್ಬನಿದ್ದಾನೆ, ಅವನ ಅಪ್ಪ ಅಲ್ಲಿ ಕಸಾಯಿಖಾನೆಯಲ್ಲಿ ಕೆಲಸಕ್ಕಿದ್ದಾನೆ. "ನಿಮ್ಮಪ್ಪಂಗೆ ಒಂದ್ ಚಂದ್ರ ಬರೆಯೋಕೂ ಬರಲ್ವಲ್ಲೇ" ಎಂದು ನುನ್ಸಿಯಾಳನ್ನು ಚುಡಾಯಿಸಿದ.

"ನಿಮ್ಮಪ್ಪ ಕುಡ್ದು ಬರ್ದಿರ್ಬೇಕು, ತಲೆಕೆಳಗಾಗಿದೆ" ಎಂದಳು ಇವಳು.

"ಎಲ್ಲರಪ್ಪಂದಿರೂ ಕುಡಿದಿದ್ರಾ? ನಿಮ್ಮಪ್ಪ ಒಬ್ಬನೇ ಸಾಧುನಾ?"

ನಾನು ಗಂಟೆ ಹೊಡೆದು ಮನೆಗೆ ಕಳಿಸಿಬಿಟ್ಟೆ. ಕೋಣೆಯಲ್ಲಿ ದೀಪ, ಕಿತ್ತಳೆ ಇಟ್ಟುಕೊಂಡು ಒಬ್ಬಳೇ ಸುತ್ತಿದೆ, ಏನೂ ಹೊಳೆಯಲಿಲ್ಲ. ಕೊನೆಗೆ ಕೈಯಿಂದ ಫೋರ್ಕ್ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಕಾಲ ಸಂದಿಯಿಂದ ದೀಪದ ಕಡೆ ನೋಡಿದೆ. ಕೋಣೆಯ ಎಡ ಬಲವಾಗಿತ್ತು. ಅವರು ಭೂಮಿಯ ಕೆಳಮಗ್ಗುಲಲ್ಲಿ ನಿಂತವರು. ನಮ್ಮ ತಲೆಯ ಕಡೆ ಅವರ ಕಾಲು. ಚಂದ್ರ ಅದೇ, ನೋಡುವವನು ತಲೆಕೆಳಗು. ನಮ್ಮ D ಅವರಿಗೆ C. ಅಲ್ಲಿ ಚಂದ್ರ ಸುಳ್ಳು ಹೇಳುವುದೇ ಇಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದರೆ ನಂಬುತ್ತೀರಾ? ನಾನು ಈ ದೇಶ ಬಿಟ್ಟು ಹೋದವಳಲ್ಲ, ನನಗೆ ಪಾಠ ಹೇಳಿದವರೂ ಹೋದವರಲ್ಲ.

ಮಾರನೆಯ ದಿನ ಮಕ್ಕಳು ಬಿಡಲಿಲ್ಲ. ಚಂದ್ರನ ವಿಷಯದಲ್ಲಿ ಸುಳ್ಳು ಹೇಳಲು ನನಗೂ ಬಾಯಿ ಬರಲಿಲ್ಲ. ಸಂಜೆ ಎಲ್ಲರನ್ನೂ ಅಂಗಳಕ್ಕೆ ಕರೆದು, ನಾವು ಬರೆದ ಚಂದ್ರನನ್ನು ಗೋಡೆಗೆ ಅಂಟಿಸಿ, ಅದಕ್ಕೆ ಬೆನ್ನು ಹಾಕಿ ಬಗ್ಗಿ ಕಾಲ ಸಂದಿಯಿಂದ ನೋಡಿ ಎಂದೆ. ಇಡೀ ಶಾಲೆ ಅಂಡು ಮೇಲೆ ಮಾಡಿ ನಿಂತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಪಾದ್ರಿಗಳು ಶಿಲುಬೆಯ ಗುರುತು ಮಾಡಿಕೊಂಡು ಹೋದರು. ಎಲ್ಲರೂ ನಕ್ಕು ನಕ್ಕು ಬಿದ್ದರು. ನುನ್ಸಿಯಾ ಮಾತ್ರ ಬಹಳ ಹೊತ್ತು ಬಗ್ಗಿಯೇ ಇದ್ದಳು.

"ನುನ್ಸಿಯಾಳ ಅಪ್ಪ ಊರಿನ ನೆನಪಲ್ಲಿ ಇಲ್ಲಿಯ ಚಂದ್ರನನ್ನೇ ಬರೆದಿದ್ದಾರೆ" ಎಂದು ತೇಪೆ ಹಚ್ಚಿದೆ. ಮಕ್ಕಳು ಒಪ್ಪಿದರು. ಅವಳೂ "ಹೌದು ಟೀಚರ್" ಎಂದಳು. ಅಷ್ಟು ಬೇಗ ಅವಳು ಯಾವುದನ್ನೂ ಒಪ್ಪಿದವಳಲ್ಲ, ಅದಕ್ಕೇ ನನಗೆ ಹೆದರಿಕೆ.

ನಿಜ ಹೇಳಿಬಿಡೋಣವೇ? ನೀವು ಹೂಂ ಎಂದರೆ ನಾನು ಹೇಳುತ್ತೇನೆ.

ಎರ್ಸಿಲಿಯಾ


ಆಸ್ಪತ್ರೆ
೨೦ ಜನವರಿ

ಮೇಷ್ಟ್ರಮ್ಮಾ,

ಬೇಡ.

ನೀವು ತಪ್ಪು ಮಾಡಿಲ್ಲ. ನಾಲ್ಕು ವರ್ಷ ನಾನೇ ಪ್ರತಿ ಕಾಗದದ ಕೊನೆಗೆ ನನ್ನ ಸುಳ್ಳಿಗೆ ಸಾಕ್ಷಿ ಬರೆದು ಕೊಟ್ಟಿದ್ದೇನೆ. ಅದೊಂದೇ ನಿಜ ಕೊಡುತ್ತಿದ್ದೇನೆ ಎಂದು ಜಂಭ ಬೇರೆ. ನಗು ಬಂತು, ನಕ್ಕರೆ ರಕ್ತ ಬರುತ್ತದೆ, ಆದರೂ ನಕ್ಕೆ.

ಈಗ ಮುಂದಿನದ್ದು ಕೇಳಿ. ಈ ಚಳಿಗಾಲ ದಾಟಲಾರೆ ಎಂದು ಡಾಕ್ಟರು ಹೇಳಿಲ್ಲ. ಹೇಳುವ ಅಗತ್ಯ ಇಲ್ಲ, ಹಾಸಿಗೆಯನ್ನು ಬಾಗಿಲ ಹತ್ತಿರಕ್ಕೆ ತಂದಿದ್ದಾರೆ. 'ಅರ್ಜೆಂಟೀನಾದಲ್ಲೇ ಸತ್ತ ಎಂದು ಊರಿಗೆ ಹೇಳೋಣ' ಅನ್ನಬಹುದು ನೀವು. ಆಗುವುದಿಲ್ಲ. ಗಂಟೆ ಬಾರಿಸಲು, ಪೂಜೆ ಮಾಡಿಸಲು ಪಾದ್ರಿಗಳು ಸಾವಿನ ಕಾಗದ ಕೇಳುತ್ತಾರೆ, ಅದರಲ್ಲಿ ಈ ಆಸ್ಪತ್ರೆಯ ಹೆಸರಿರುತ್ತದೆ. ನನ್ನ ಹೆಸರನ್ನು ನಮ್ಮೂರಿನ ದಫ್ತರದಿಂದ ಎಂದೋ ತೆಗೆಸಿದ್ದೇನೆ, ಆ ಕಡೆಯಿಂದ ಸುದ್ದಿ ಬರುವ ಹೆದರಿಕೆ ಇಲ್ಲ. ಅರ್ಜೆಂಟೀನಾಕ್ಕೆ ಹೋದವರು ನಮ್ಮೂರಲ್ಲಿ ಸಾಯುವುದಿಲ್ಲ ಮೇಷ್ಟ್ರಮ್ಮಾ. ಕಾಗದ ನಿಲ್ಲುತ್ತದೆ, ಅಷ್ಟೆ. ಒಂದು ವರ್ಷ ಆದ ಮೇಲೆ ಊರವರು "ಅಲ್ಲಿ ಇನ್ನೊಬ್ಳನ್ನ ಕಟ್ಕೊಂಡ" ಅಂತಾರೆ. ಮತ್ತೊಂದು ವರ್ಷಕ್ಕೆ ಮರೆಯುತ್ತಾರೆ. ನನ್ನ ಬಗ್ಗೆಯೂ ಹಾಗೇ ಅನ್ನಲಿ.

ನನ್ನ ಹೆಸರಲ್ಲಿ ನೀವು ಬರೆಯಬೇಡಿ. ಸತ್ತವನಿಗೆ ಅವಳು ಉತ್ತರ ಬರೆಯುತ್ತಾ ಕೂರುವುದು ನನಗೆ ಬೇಡ.

ಎಜಿದಿಯೊ


ಸೆರ್ರಪಿಯಾನಾ
೩೧ ಜನವರಿ

ಎಜಿದಿಯೊ ಅವರೇ,

ನಿಮ್ಮ ಕಾಗದ ಓದಿ ಎರಡು ದಿನ ಪಾಠ ಮಾಡಲಾಗಲಿಲ್ಲ, ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಕೂತಿದ್ದೆ.

ಅಂದರೆ ನಿಮ್ಮ ಮಗಳು ಬದುಕಿಡೀ 'ನನ್ನಪ್ಪ ನನ್ನನ್ನು ಬಿಟ್ಟು ಹೋದ' ಎಂದುಕೊಂಡು ಬದುಕಬೇಕು. ಅನಾಥೆಯಾದರೆ ಅಳಬಹುದು. ಬಿಟ್ಟುಹೋದವನ ಮಗಳಿಗೆ ಅಳುವುದಕ್ಕೂ ಮರ್ಯಾದೆ ಇಲ್ಲ. ಒಂದು ಒಲೆಗೋಸ್ಕರ ಇಷ್ಟು ಬೆಲೆಯೇ? ನಿಮ್ಮ ತಾಯಿಯ ಹತ್ತಿರ ಜಗಳವಾಡಲೆಂದೇ ಹೋದೆ. ಆಕೆ ನನ್ನನ್ನು ಊರ ಒಲೆಯ ಹತ್ತಿರ ಕರೆದುಕೊಂಡು ಹೋದರು. ನುನ್ಸಿಯಾ ತಮ್ಮ ಮನೆಯ ಅಚ್ಚು ಒತ್ತಿದ ರೊಟ್ಟಿಯನ್ನು ಹಲಗೆಯ ಮೇಲೆ ಇಡುತ್ತಿದ್ದಳು. ಸವೆರಿಯೊನ ತಾಯಿ ಅದರ ಪಕ್ಕಕ್ಕೆ ತನ್ನದನ್ನು ತಳ್ಳಿ, ಹಿಟ್ಟಿನ ಕೈಯಲ್ಲೇ ಇವಳ ಕೆನ್ನೆ ಹಿಂಡಿ, "ಏನೇ ಅರ್ಜೆಂಟೀನಾದವಳೇ, ಹೊಸ ಷೂ ಯಾವಾಗ ಕಳಿಸ್ತಾನೆ ನಿಮ್ಮಪ್ಪ?" ಎಂದು ನಕ್ಕಳು.

ನಾನು ಮನೆಗೆ ವಾಪಸು ಬಂದೆ. ನೀವು ಗೆದ್ದಿರಿ, ನಾನೇನೂ ಹೇಳುವುದಿಲ್ಲ. ಆದರೆ ನಿಮ್ಮ ಮೇಲೂ ಈ ಊರಿನ ಮೇಲೂ ನನಗೆ ಬಂದಿರುವ ಸಿಟ್ಟು ಇಳಿಯುವುದಿಲ್ಲ.

ನುನ್ಸಿಯಾ ನಿಮಗೆ ಬರೆಯುತ್ತಿರುವ ಕಾಗದವನ್ನು ಇನ್ನೆರಡು ದಿನದಲ್ಲಿ ಕಳಿಸುತ್ತೇನೆ. ಗೋಂದು ಹಚ್ಚಿ ಅಂಟಿಸಿಯೇ ಕೊಡುತ್ತಾಳಂತೆ, ನಾನು ಓದಬಾರದಂತೆ.

ಎರ್ಸಿಲಿಯಾ


೨ ಫೆಬ್ರವರಿ

ಅಪ್ಪಾ,

ಇದನ್ನು ಟೀಚರ್ ಓದುವುದಿಲ್ಲ. ಅವರು ಒಳ್ಳೆಯವರು, ಆದರೆ ಸುಳ್ಳು ಹೇಳುವಾಗ ಅವರ ಕಿವಿ ಕೆಂಪಗಾಗುತ್ತೆ. ನಾನು ಕಿವಿ ನೋಡಿದೆ.

ನೀನು ಅರ್ಜೆಂಟೀನಾದಲ್ಲಿಲ್ಲ. ನೀನು ಬರೆದ ಚಂದ್ರರನ್ನೆಲ್ಲ ನೆಲದ ಮೇಲೆ ಜೋಡಿಸಿ ನೋಡಿದೆ. ಎಲ್ಲ ನಮ್ಮ ಚಂದ್ರರೇ, ಒಂದೂ ತಿರುಗಿಲ್ಲ. ಒಂದು ಸಲ ನೆನಪಿನಿಂದ ಬರೆಯಬಹುದು, ಎಲ್ಲ ಸಲ ಬರೆಯಲಾಗಲ್ಲ.

ಎಲ್ಲಿದೀಯಾ ಅಂತ ಕೇಳಲ್ಲ. ಮೊದಲು ಜೈಲು ಅಂದುಕೊಂಡೆ. ಜೈಲಾದರೆ ನನಗೆ ಬೇಜಾರಿಲ್ಲ. ಆದರೆ ನಿನ್ನ ಕಾಗದ ಬಂದಾಗ ಅಜ್ಜಿ ಇಸ್ತ್ರಿಪೆಟ್ಟಿಗೆ ಕಾಯಿಸಿ ಎರಡೂ ಕಡೆ ಇಸ್ತ್ರಿ ಮಾಡಿದ ಮೇಲೇ ನನಗೆ ಕೊಡೋದು. ಸಮುದ್ರದ ತೇವ ಹೋಗಲಿ ಅಂತಾಳೆ. ಹೋದ ಸಲ ನೀನು ಬರೆದ ಪೈನ್ ಮರ ಸುಟ್ಟುಹೋಗಿತ್ತು. ಅದಕ್ಕೆ ಜೈಲಲ್ಲ ಅನ್ನಿಸುತ್ತೆ. ಜೈಲು ಅಂಟಲ್ಲವಲ್ಲ.

ಅಜ್ಜಿಗೆ ನನಗೆ ಗೊತ್ತು ಅಂತ ಗೊತ್ತಿಲ್ಲ. ಹೇಳಬೇಡ, ಪಾಪ ಹೆದರಿಕೊಳ್ಳುತ್ತಾಳೆ.

ಇನ್ನು ಮೇಲೆ ಚಂದ್ರನನ್ನು ತಿರುಗಿಸಿ ಬರಿ. ಬೆಳೆಯುವಾಗ ಉಬ್ಬು ಎಡಗಡೆ, ಕರಗುವಾಗ ಬಲಗಡೆ. ಮರೀಬೇಡ. ಸವೆರಿಯೊಗೆ ಅನುಮಾನ ಬಂದಿದೆ. ಬರೆಯಲು ಕಷ್ಟವಾದರೆ ಬಗ್ಗಿ ನೋಡು, ತಾನಾಗೇ ತಿರುಗುತ್ತೆ.

ಬಾ ಅಂತ ಕರೆಯಲ್ಲ. ಬರೋಕಾಗಿದ್ರೆ ನೀನು ಬಂದಿರ್ತಿದ್ದೆ.

ನಿನ್ನ ಮಗಳು ನುನ್ಸಿಯಾ


ಅರ್ಜೆಂಟೀನಾ
೧ ಮಾರ್ಚ್ ೧೯೫೫

ನುನ್ಸಿಯಾ ಕಂದಾ,

ಇದನ್ನು ಅಜ್ಜಿಗೂ ಓದಿ ಹೇಳು.

ಇಲ್ಲಿ ಈಗ ಬಿಸಿಲು ಇಳಿದು ತಂಪಾಗುತ್ತಿದೆ. ಕೆಲಸ ಬಹಳ. ನಿನ್ನ ಕಾಗದ ಬಂದ ಮೇಲೆ ಚಂದ್ರ ಅರ್ಧವಾಗುವವರೆಗೆ ಕಾದಿದ್ದೆ, ಅದಕ್ಕೇ ತಡವಾಯಿತು. ಇಷ್ಟು ವರ್ಷ ಇಲ್ಲಿದ್ದೂ ಚಂದ್ರನನ್ನು ಸರಿಯಾಗಿ ನೋಡಿರಲಿಲ್ಲ. ನೀನು ಹೇಳಿದ ಹಾಗೆ ನೋಡಿದೆ. ನೀನು ಹೇಳಿದ್ದೆಲ್ಲ ಸರಿ. ಎಲ್ಲವೂ ಸರಿ ಕಂದಾ, ಒಂದೂ ತಪ್ಪಿಲ್ಲ.

ಇಲ್ಲಿಂದ ಇನ್ನೂ ದೂರ, ದಕ್ಷಿಣಕ್ಕೆ ಹೋಗಬೇಕಾಗಿದೆ. ಅಲ್ಲಿ ಅಂಚೆ ಇಲ್ಲವಂತೆ. ಕಾಗದ ಬರದಿದ್ದಾಗ ಊರವರು ಏನೇನೋ ಅಂತಾರೆ. ಅನ್ನಲಿ, ಎದುರಾಡಬೇಡ. ನಿನಗೆ ಗೊತ್ತಲ್ಲ.

ಅಜ್ಜಿಗೆ ಇಸ್ತ್ರಿಪೆಟ್ಟಿಗೆ ಜಾಸ್ತಿ ಕಾಯಿಸಬೇಡ ಅಂತ ಹೇಳು.

ಅಪ್ಪ

(ಕೆಳಗೆ ಅರ್ಧಚಂದ್ರ. ಬೆಳಕು ಎಡಗಡೆ.)


ಆಸ್ಪತ್ರೆ
೯ ಮಾರ್ಚ್

ಗೌರವಾನ್ವಿತ ಟೀಚರ್ ಕೊಲಾಂಜೆಲೊ ಅವರಿಗೆ,

ನಾನು ಮೂರನೆಯ ಮಹಡಿಯ ಸಿಸ್ಟರ್. ಎಜಿದಿಯೊ ಲೊವಾಲ್ಲೊ ಭಾನುವಾರ ಬೆಳಗಿನ ಜಾವ ತೀರಿಕೊಂಡರು. ಇಲ್ಲಿಯ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಬಟ್ಟೆಬರೆ ಕಳಿಸುವಂತಿಲ್ಲ, ಸುಡುವುದು ನಿಯಮ. ನಿಮಗೆ ಬಿಟ್ಟು ಇನ್ನಾರಿಗೂ ತಿಳಿಸಬಾರದೆಂದು ಮಾತು ತೆಗೆದುಕೊಂಡಿದ್ದರು.

ಇದರೊಂದಿಗಿರುವ ಕಾಗದವನ್ನು ಒಂದನೇ ತಾರೀಕು ಬರೆದರು. ಎದೆಯ ಕಫ ಇಳಿಯಲೆಂದು ರೋಗಿಗಳನ್ನು ಸ್ವಲ್ಪ ಹೊತ್ತು ತಲೆ ಕೆಳಗಾಗಿ ಮಲಗಿಸುತ್ತೇವೆ. ಅವರಿಗೆ ಅದು ಬಹಳ ಹಿಂಸೆ, ಯಾವಾಗಲೂ ಬೇಡವೆನ್ನುತ್ತಿದ್ದರು. ಅಂದು ಸಂಜೆ ತಾವೇ ಕೇಳಿ ಕಿಟಕಿಯ ಕಡೆ ಹಾಗೆ ಮಲಗಿದರು. "ಸಾಕು ಎಜಿದಿಯೊ, ಏಳಿ" ಎಂದರೆ, "ಇರಿ ಸಿಸ್ಟರ್, ಅರ್ಜೆಂಟೀನಾಕ್ಕೆ ಈಗ ಬಂದು ಇಳಿದಿದೀನಿ" ಎಂದರು. ಜ್ವರದ ಬಡಬಡಿಕೆ ಎಂದುಕೊಂಡೆ. ಹಾಗೇ ಮಲಗಿ ಪೆನ್ಸಿಲ್ ಕೇಳಿ ಚಂದ್ರನನ್ನು ಬರೆದರು. ನಡುವೆ ಎರಡು ಸಲ ಕೈ ಬಿತ್ತು.

ಮಗುವಿಗೆ ದೇವರು ಒಳ್ಳೆಯದು ಮಾಡಲಿ.

ಸಿಸ್ಟರ್ ಇಲ್ದೆಗಾರ್ದಾ


ಸೆರ್ರಪಿಯಾನಾ
೨೨ ಮೇ

ಸಿಸ್ಟರಿಗೆ ನಮಸ್ಕಾರ.

ನಾನು ನುನ್ಸಿಯಾ. ನಿಮ್ಮ ಕಾಗದವನ್ನು ಟೀಚರ್ ನನಗೆ ತೋರಿಸಿದರು. ಮೊದಲು ತೋರಿಸಲಿಲ್ಲ, ನಾನೇ ಕೇಳಿದೆ. ಅವರು ಮೇಜಿನ ಮೇಲೆ ತಲೆಯಿಟ್ಟು ಅತ್ತರು, ನಾನು ಬಾಗಿಲು ಹಾಕಿದೆ.

ಅಪ್ಪನ ಚಂದ್ರ ಗೋಡೆಯ ಮೇಲಿದೆ. ಎಲ್ಲರಪ್ಪಂದಿರ ಚಂದ್ರರ ಜೊತೆಗೆ ಸರಿಹೋಗಿದೆ. ಸವೆರಿಯೊ ಹತ್ತಿರ ನಿಂತು ನೋಡಿ, "ಈಗ ಕಲಿತ ನಿಮ್ಮಪ್ಪ" ಎಂದ.

ಅಜ್ಜಿಗೂ ಟೀಚರ್ ಹೇಳಿದ್ದಾರೆ. ಅಜ್ಜಿ ನನ್ನೆದುರಿಗೆ ಅಳುವುದಿಲ್ಲ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ. "ನಿಮ್ಮಪ್ಪ ದಕ್ಷಿಣಕ್ಕೆ ಹೋದ್ನಲ್ಲ, ಅಲ್ಲಿ ಕುರಿ ಬಹಳ ಅಂತೆ" ಅಂತ ಹೇಳುತ್ತಾಳೆ. ನಾನು ಎಷ್ಟು ಕುರಿ ಅಜ್ಜಿ ಎಂದು ಕೇಳುತ್ತೇನೆ. ತಾತ ಸತ್ತಾಗಿನಿಂದ ಅಜ್ಜಿ ಉಡುವುದು ಕಪ್ಪು ಬಟ್ಟೆಯನ್ನೇ, ಅದರಿಂದ ಅವಳಿಗೆ ತೊಂದರೆಯಾಗಲಿಲ್ಲ. ನಾನು ಕಪ್ಪು ಹಾಕಿದರೆ ಊರವರು ಕೇಳುತ್ತಾರೆ. ಆದರೆ ನಮ್ಮ ಶಾಲೆಯ ಮೇಲಂಗಿ ಕಪ್ಪು. ಬಿಳಿ ಕಾಲರ್ ಬಿಚ್ಚಿಟ್ಟು ಅದನ್ನೇ ಭಾನುವಾರವೂ ಹಾಕಿಕೊಳ್ಳುತ್ತೇನೆ. ಊರ ಒಲೆ ಹತ್ತಿರ ಹೆಂಗಸರು "ಇವಳಿಗೆ ಓದಿನ ಹುಚ್ಚು ನೋಡ್ರೇ, ಟೀಚರೇ ಆಗ್ತಾಳೆ" ಎಂದು ನಗುತ್ತಾರೆ.

ಹೋದ ವಾರ ರೊಟ್ಟಿ ತೆಗೆಯುವಾಗ ಸವೆರಿಯೊನ ಅಮ್ಮ ಎಲ್ಲರೆದುರು, "ಎರಡು ತಿಂಗಳಾಯ್ತಂತೆ ಕಾಗದ ಇಲ್ಲ. ಅಲ್ಲಿ ಇನ್ನೊಬ್ಬಳನ್ನ ಕಟ್ಕೊಂಡಿರ್ತಾನೆ, ಗಂಡಸರ ಜಾತೀನೇ ಇಷ್ಟು. ನಿನ್ನ ಮರ್ತೇಬಿಟ್ಟ, ಅಲ್ವೇನೇ?" ಎಂದು ನನ್ನ ತಲೆ ಸವರಿದಳು. ಅವಳ ರೊಟ್ಟಿ ನಮ್ಮ ರೊಟ್ಟಿಗೆ ಅಂಟಿಕೊಂಡು ಬೆಂದಿತ್ತು, ಇಬ್ಬರೂ ಎಳೆದು ಬಿಡಿಸಿಕೊಂಡೆವು.

ನಾನು ಹೌದು ಎಂದೆ.

ನುನ್ಸಿಯಾ ಲೊವಾಲ್ಲೊ